ಯಾರೂ, ಯಾರೋ

ಸಂಜೆ ಹೊತ್ತು ಹತ್ತಿಮತ್ತೂರಿನ ಒಂದು ಮನೆ. ಹೊರಗೆ ಏನೋ ಸಪ್ಪಳವಾಯಿತು. “ಯಾರು ಬಂದಾರ ನೋಡು” ಎಂದು ಅವ್ವ ಒಳಗಿನಿಂದ ಕೂಗುತ್ತಾಳೆ. ಮಗಳು ಇಣುಕಿ ನೋಡಿ “ಯವ್ವಾ, ಯಾರೋ ಬಂದಾರ” ಅನ್ನಬಹುದು, ಇಲ್ಲಾ “ಯಾರೂ ಬಂದಿಲ್ಲ” ಅನ್ನಬಹುದು. ಎರಡು ಮಾತಿಗೂ ಬೇರು ಒಂದೇ, ‘ಯಾರು’. ಕೊನೆಯ ಸ್ವರ ಮಾತ್ರ ಬೇರೆ. ಓ ಹತ್ತಿದರೆ ಒಬ್ಬರಾದರೂ ಇದ್ದಾರೆ, ಊ ಹತ್ತಿದರೆ ಮಾತು ಇರುವವರಷ್ಟೂ ಮಂದಿಯನ್ನು ಒಳಗೊಂಡಿತು.

ಹತ್ತನೆಯ ಇಯತ್ತೆಯವರೆಗೆ ಕನ್ನಡದಲ್ಲಿ ಕಲಿತ ಈ ಹುಡುಗಿ ವಿಜ್ಞಾನ ಓದಲು ಪಿಯುಸಿಗೆ ಸೇರುತ್ತಾಳೆ. ಗಣಿತ ಪುಸ್ತಕದ ಮೊದಲ ಅಧ್ಯಾಯವೇ ಗಣಗಳು, ಅದೂ ಇಂಗ್ಲಿಷಿನಲ್ಲಿ. ಬಿಎಸ್ಸಿಗೆ ಹೋದರೆ ‘ಫಾರ್ ಆಲ್’, ‘ದೇರ್ ಎಗ್ಸಿಸ್ಟ್ಸ್’ ಎಂಬ ಮಾತುಗಳು ಪ್ರತಿ ಪುಟದಲ್ಲೂ ಎದುರಾಗುತ್ತವೆ. ಒಂದಕ್ಕೆ ತಲೆಕೆಳಗಾದ ‘ಎ’, ಇನ್ನೊಂದಕ್ಕೆ ಹಿಂದುಮುಂದಾದ ‘ಇ’ ಗುರುತು. ಹುಡುಗಿ ಇವನ್ನು ಪರಭಾಷೆಯ ಮಂತ್ರದಂತೆ ಬಾಯಿಪಾಠ ಮಾಡುತ್ತಾಳೆ. ಅವಳ ಬಾಯಲ್ಲಿ ಆ ಎರಡೂ ಗುರುತುಗಳು ಹುಟ್ಟಿದಂದಿನಿಂದ ಇವೆ ಎಂದು ಅವಳಿಗೆ ಯಾರಾದರೂ ತೋರಿಸಿಕೊಡಬೇಕು. ಈ ಅಧ್ಯಾಯ ಬರೆಯುವುದಕ್ಕೆ ಅದೇ ಕಾರಣ.

ಯಾವಾಗಲೂ, ಯಾವಾಗಲೋ. ಎಲ್ಲೂ, ಎಲ್ಲೋ. ಏನೂ, ಏನೋ. ಇದೇ ಊ ಎರಡು ಹೆಸರುಗಳಿಗೆ ಹತ್ತಿದರೆ ‘ಮತ್ತು’ ಆಗುತ್ತದೆ: ಅಣ್ಣನೂ ತಮ್ಮನೂ ಬಂದರು. ಓ ಹತ್ತಿದರೆ ‘ಅಥವಾ’ ಆಗುತ್ತದೆ: ಅಣ್ಣನೋ ತಮ್ಮನೋ ಬಂದಿರಬೇಕು. ತರ್ಕಶಾಸ್ತ್ರ ಕಲಿತವರಿಗೆ ಇದು ರೋಮಾಂಚನದ ಸಂಗತಿ. ‘ಎಲ್ಲರೂ’ ಎಂದರೆ ಒಬ್ಬೊಬ್ಬರ ಹೆಸರನ್ನೂ ‘ಮತ್ತು’ ಹಾಕಿ ಜೋಡಿಸುತ್ತ ಹೋದ ಉದ್ದನೆಯ ಮಾತು. ‘ಯಾರೋ’ ಎಂದರೆ ಅದೇ ಪಟ್ಟಿಯನ್ನು ‘ಅಥವಾ’ ಹಾಕಿ ಜೋಡಿಸಿದ ಮಾತು. ಇಂಗ್ಲಿಷಿನಲ್ಲಿ ಈ ನಂಟು ಪದಗಳ ಮೇಲೆ ಕಾಣುವುದಿಲ್ಲ. ಕನ್ನಡದಲ್ಲಿ ಒಂದು ಸ್ವರದಲ್ಲೇ ಕಾಣುತ್ತದೆ, ಮಲಯಾಳದಲ್ಲೂ ಹೀಗೆಯೇ. ‘ಎಲ್ಲ’, ‘ಕೆಲವು’ಗಳಿಗೆ ಗಣಿತದಲ್ಲಿ ಖಚಿತವಾದ ಬರವಣಿಗೆಯನ್ನು ಮೊದಲು ಕಟ್ಟಿದವನು ಜರ್ಮನಿಯ ಗಾಟ್ಲಾಬ್ ಫ್ರೇಗೆ, 1879ರಲ್ಲಿ.

ಈಗ ಅಲ್ಲಗಳೆದು ನೋಡಿ. “ಅಣ್ಣನೋ ತಮ್ಮನೋ ಬಂದಿರಬೇಕು” ಎಂಬುದು ಸುಳ್ಳಾದರೆ ಏನು ಹೇಳುತ್ತೀರಿ? “ಅಣ್ಣನೂ ಬಂದಿಲ್ಲ, ತಮ್ಮನೂ ಬಂದಿಲ್ಲ.” ‘ಇಲ್ಲ’ ಬಂದ ಕೂಡಲೇ ಓ ಹೋಗಿ ಊ ಬಂತು. “ಏನೋ ಇದೆ” ಎಂಬುದರ ನಿಷೇಧ “ಏನೂ ಇಲ್ಲ”. ಕಾಲೇಜಿನಲ್ಲಿ ಇದಕ್ಕೆ ಡಿ ಮಾರ್ಗನ್ ನಿಯಮ ಎನ್ನುತ್ತಾರೆ. ಆ ಅಗಸ್ಟಸ್ ಡಿ ಮಾರ್ಗನ್ 1806ರಲ್ಲಿ ಹುಟ್ಟಿದ್ದು ನಮ್ಮ ಪಕ್ಕದ ನಾಡಿನ ಮದುರೆಯಲ್ಲಿ. ಗಣಗಳ ಪಾಠದಲ್ಲಿ ಇದೇ ನಿಯಮ ವೇಷ ಬದಲಿಸಿಕೊಂಡು ಬರುತ್ತದೆ: ಸಂಯೋಗದ ಪೂರಕವೆಂದರೆ ಪೂರಕಗಳ ಛೇದನ. ಗುಂಪುಗಳ ಚಿತ್ರ ಬರೆದು ಮರೆತುಹೋಗುವವರು ಮೇಲಿನ ಅಣ್ಣತಮ್ಮಂದಿರ ವಾಕ್ಯವನ್ನು ನೆನಪಿಟ್ಟುಕೊಳ್ಳಲಿ.

ಆದರೆ ಆಡುಮಾತನ್ನು ಪೂರಾ ನಂಬಿ ಕೂಡುವಂತಿಲ್ಲ. “ಎಲ್ಲರೂ ಬರಲಿಲ್ಲ” ಎಂದರೆ ಏನು? ಒಬ್ಬರೂ ಬರಲಿಲ್ಲ ಎಂದೇ, ಕೆಲವರು ತಪ್ಪಿಸಿಕೊಂಡರು ಎಂದೇ? ಎರಡೂ ಅರ್ಥ ಬರುತ್ತದೆ, ಮನೆಯಲ್ಲಿ ದನಿಯ ಏರಿಳಿತದಿಂದ ಗೊತ್ತಾಗುತ್ತದೆ, ಉತ್ತರಪತ್ರಿಕೆಗೆ ದನಿಯಿಲ್ಲ. “ಎಲ್ಲ ಅವಿಭಾಜ್ಯ ಸಂಖ್ಯೆಗಳೂ ಬೆಸವಲ್ಲ” ಎಂದು ಬರೆದರೆ ಓದುವವರು ತಡವರಿಸುತ್ತಾರೆ. “ಬೆಸವಲ್ಲದ ಅವಿಭಾಜ್ಯ ಸಂಖ್ಯೆ ಒಂದಾದರೂ ಇದೆ” ಎಂದು ಬರೆಯಬೇಕು, ಮತ್ತು 2ನ್ನು ತೋರಿಸಬೇಕು.

‘ಆದರೆ’ಯ ವಿಷಯದಲ್ಲಿ ಮಕ್ಕಳು ಬಹಳ ಒದ್ದಾಡುತ್ತಾರೆ, ಇಲ್ಲಿ ಸ್ವಲ್ಪ ನಿಲ್ಲೋಣ. ರೈತನೊಬ್ಬ “ಶುಕ್ರವಾರ ಮಳಿ ಆದ್ರ ಶನಿವಾರ ಗೋವಿನಜೋಳ ಬಿತ್ತತೀನಿ” ಅನ್ನುತ್ತಾನೆ. ಮಳೆ ಆಯಿತು, ಬಿತ್ತಿದ: ಮಾತು ಉಳಿಸಿಕೊಂಡ. ಮಳೆ ಆಯಿತು, ಬಿತ್ತಲಿಲ್ಲ: ಮಾತು ತಪ್ಪಿದ. ಮಳೆ ಆಗಲಿಲ್ಲ, ಬೋರಿನ ನೀರು ಹಾಯಿಸಿ ಬಿತ್ತಿದ. ಅವನನ್ನು ಸುಳ್ಳುಗಾರ ಅನ್ನುತ್ತೀರಾ? ಇಲ್ಲ. ಮಳೆಯೂ ಇಲ್ಲ, ಬಿತ್ತನೆಯೂ ಇಲ್ಲ ಎಂದಾದರೂ ಆರೋಪಕ್ಕೆ ಜಾಗವಿಲ್ಲ. ಸತ್ಯಕೋಷ್ಟಕದಲ್ಲಿ ನಾಲ್ಕರಲ್ಲಿ ಒಂದೇ ಸಾಲು ಸುಳ್ಳಾಗುವುದು ಯಾಕೆಂದು ಇದರಿಂದ ತಿಳಿಯುತ್ತದೆ. ಶೂನ್ಯ ಗಣ ಪ್ರತಿ ಗಣಕ್ಕೂ ಉಪಗಣ ಎಂಬ ವಿಚಿತ್ರ ಮಾತೂ ಇಲ್ಲೇ ಬಗೆಹರಿಯುತ್ತದೆ. ಅದು ಸುಳ್ಳೆನ್ನುವವರು ಶೂನ್ಯ ಗಣದ ಒಳಗಿದ್ದು ಇನ್ನೊಂದು ಗಣದ ಹೊರಗಿರುವ ಒಂದು ವಸ್ತುವನ್ನು ತೋರಿಸಬೇಕು. ತೋರಿಸಲು ಒಳಗೆ ಏನೂ ಇಲ್ಲವಲ್ಲ.

ಇನ್ನು ಊ, ಓಗಳ ಸಾಲು ಬದಲಾದರೆ ಅರ್ಥವೇ ಬದಲಾಗುತ್ತದೆ. “ಪ್ರತಿ ಹೊಲಕ್ಕೂ ಯಾವುದೋ ಒಂದು ಬಾವಿ ಇದೆ.” “ಯಾವುದೋ ಒಂದು ಬಾವಿ ಇದೆ, ಅದರ ನೀರು ಪ್ರತಿ ಹೊಲಕ್ಕೂ ಹೋಗುತ್ತದೆ.” ಮೊದಲನೆಯದು ನಿಜವಿದ್ದ ಮಾತ್ರಕ್ಕೆ ಎರಡನೆಯದು ನಿಜವಾಗಬೇಕಿಲ್ಲ. ಕಂಟಿನ್ಯುಯಿಟಿಗೂ ಯುನಿಫಾರ್ಮ್ ಕಂಟಿನ್ಯುಯಿಟಿಗೂ ಇರುವ ವ್ಯತ್ಯಾಸ ಇಷ್ಟೇ: ಬಿಂದುವಿಗೊಂದು ಬಾವಿಯೋ, ಎಲ್ಲ ಬಿಂದುಗಳಿಗೂ ಒಂದೇ ಬಾವಿಯೋ. ಬಿಎಸ್ಸಿಯಲ್ಲಿ ಎಷ್ಟೋ ಜಾಣ ಮಕ್ಕಳು ಎಡವುವ ಜಾಗ ಇದು, ಅದಕ್ಕೆ ಲೆಕ್ಕದ ದಡ್ಡತನ ಕಾರಣವಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ವಾಕ್ಯವನ್ನು ತಮ್ಮ ಮಾತಿನಲ್ಲಿ ಒಮ್ಮೆಯೂ ಹೇಳಿಕೊಳ್ಳದೆ ಮುಂದೆ ಹೋಗಿರುತ್ತಾರೆ.

ಗಣಗಳಿಗೆ ಬರೋಣ. ಹತ್ತಿಮತ್ತೂರು ರಾಷ್ಟ್ರಕೂಟರ ಕಾಲದ ಶಾಸನ ಸಿಕ್ಕಿರುವ ಊರು. ಅದೇ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ, 850ರ ಸುಮಾರಿಗೆ, ಜೈನ ಗಣಿತಜ್ಞ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬುದಕ್ಕೆ ಅವನು ಸಾಮಾನ್ಯ ಸೂತ್ರ ಕೊಟ್ಟಿದ್ದಾನೆ, ಆರು ರುಚಿಗಳನ್ನು ಬೆರೆಸುವ ಲೆಕ್ಕವನ್ನೂ ಇಟ್ಟಿದ್ದಾನೆ. ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ. ಒಂದೊಂದೇ ತೆಗೆದುಕೊಂಡರೆ 6, ಎರಡೆರಡು 15, ಮೂರು ಮೂರು 20, ನಾಲ್ಕು ನಾಲ್ಕು 15, ಐದೈದು 6, ಆರೂ ಒಟ್ಟಿಗೆ 1. ಕೂಡಿದರೆ 63.

ಇವತ್ತಿನ ವಿದ್ಯಾರ್ಥಿ 64 ಅನ್ನುತ್ತಾಳೆ. ಪ್ರತಿ ರುಚಿಯನ್ನೂ ಹಾಕುವುದೋ ಬಿಡುವುದೋ ಎಂದು ಆರು ಸಲ ತೀರ್ಮಾನಿಸಿದರೆ ಎರಡನ್ನು ಆರು ಸಲ ಗುಣಿಸಿದಷ್ಟು ದಾರಿ. ಹೆಚ್ಚಿಗೆ ಬಂದ ಆ ಒಂದು ಯಾವುದು? ಏನನ್ನೂ ಹಾಕದ ಸಪ್ಪೆ ಅಡುಗೆ, ಅಂದರೆ ಶೂನ್ಯ ಗಣ. ಅಡುಗೆಮನೆಗೆ 63 ಸರಿ, ಗಣಸಿದ್ಧಾಂತಕ್ಕೆ 64 ಸರಿ. ಗಮನಿಸಬೇಕಾದ್ದು ಇನ್ನೊಂದಿದೆ. ರುಚಿ ಆರೇ ಇದ್ದರೂ ಉಪಗಣಗಳು 64. ಅನಂತ ವಸ್ತುಗಳಿದ್ದರೂ ಉಪಗಣಗಳು ಹೀಗೆಯೇ ಮೀರಿಸುತ್ತವೆಯೇ?

ಅನಂತದಲ್ಲಿ ಬಗೆಗಳಿವೆ ಎಂಬ ಯೋಚನೆ ನಮ್ಮ ಜೈನ ಆಚಾರ್ಯರಿಗೆ ಹೊಸದಲ್ಲ. ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ಅವರು ವಿಂಗಡಿಸಿದ್ದರು. ಇಂಥ ಲೆಕ್ಕಗಳಿರುವ ವೀರಸೇನಾಚಾರ್ಯರ ‘ಧವಳಾ’ ಟೀಕೆಯ ಓಲೆಗರಿಗಳು ಕನ್ನಡ ಲಿಪಿಯಲ್ಲೇ ಮೂಡಬಿದಿರೆಯಲ್ಲಿ ಉಳಿದುಬಂದವು. ಆದರೆ ಒಂದು ಅನಂತ ಇನ್ನೊಂದಕ್ಕಿಂತ ದೊಡ್ಡದು ಎಂದು ಸಾಧಿಸಿ ತೋರಿಸಿದವನು ಜರ್ಮನಿಯ ಗೇಯಾರ್ಗ್ ಕ್ಯಾಂಟರ್. 1891ರ ಅವನ ಸಾಧನೆಯನ್ನು ಶಾಲೆಯ ಹಾಜರಿ ಪುಸ್ತಕದಲ್ಲಿ ನೋಡಬಹುದು.

ಒಂದು ಹಾಜರಿ ಪುಸ್ತಕ. ದಿನಗಳು ಮುಗಿಯುವುದಿಲ್ಲ: 1, 2, 3... ಮಕ್ಕಳ ಸಾಲುಗಳೂ ಮುಗಿಯುವುದಿಲ್ಲ: 1, 2, 3... ಪ್ರತಿ ಮನೆಯಲ್ಲಿ ‘ಹಾಜರು’ ಇಲ್ಲಾ ‘ಗೈರು’. ಒಂದು ಸಾಲು ಎಂದರೆ ಆ ಹುಡುಗ ಬಂದ ದಿನಗಳ ಗಣ, ದಿನಗಳ ಒಂದು ಉಪಗಣ. “ಹಾಜರು, ಗೈರುಗಳನ್ನು ನೀವು ಹೇಗೇ ಜೋಡಿಸಿ, ಆ ಸಾಲು ಈ ಪುಸ್ತಕದಲ್ಲಿ ಇದ್ದೇ ಇದೆ” ಎನ್ನುತ್ತಾರೆ ಮಾಸ್ತರು. ಹುಡುಗಿ ವಾದಿಸುವುದಿಲ್ಲ. ಮೊದಲ ಸಾಲಿನ ಮೊದಲ ದಿನ ನೋಡುತ್ತಾಳೆ: ಹಾಜರು ಇದ್ದರೆ ತನ್ನ ಹಾಳೆಯಲ್ಲಿ ಗೈರು ಎಂದು, ಗೈರು ಇದ್ದರೆ ಹಾಜರು ಎಂದು ಬರೆಯುತ್ತಾಳೆ. ಎರಡನೆಯ ಸಾಲಿನ ಎರಡನೆಯ ದಿನ, ಮೂರನೆಯ ಸಾಲಿನ ಮೂರನೆಯ ದಿನ, ಹೀಗೆ ಕರ್ಣದುದ್ದಕ್ಕೂ ಇಳಿಯುತ್ತ ಎಲ್ಲವನ್ನೂ ತಿರುಗಿಸಿ ಬರೆಯುತ್ತಾಳೆ. ಅವಳ ಸಾಲು ಪುಸ್ತಕದ ಮೊದಲನೆಯದಲ್ಲ, ಮೊದಲ ದಿನವೇ ಬೇರೆ. ನೂರನೆಯದೂ ಅಲ್ಲ, ನೂರನೆಯ ದಿನ ಬೇರೆ.

ಮಾಸ್ತರು ‘ಯಾವುದೂ ಬಿಟ್ಟುಹೋಗಿಲ್ಲ’ ಎಂದಿದ್ದರು. ಊ ಬಿದ್ದ ಆ ಮಾತನ್ನು ಮುರಿಯಲು ಒಂದು ಓ ಸಾಕು, ಮತ್ತು ಅವಳ ಹಾಳೆಯಲ್ಲಿರುವುದು ‘ಯಾವುದೋ ಒಂದು’ ಎಂಬ ಊಹೆಯಲ್ಲ, ಇಗೋ ಇದು ಎಂದು ಕೈಯಲ್ಲಿ ಹಿಡಿದ ಸಾಲು. ಆ ಸಾಲನ್ನು ಪುಸ್ತಕದ ತಲೆಗೆ ಸೇರಿಸಿ, ಈಗ ಪೂರ್ಣವಾಯಿತು ಎಂದು ಅವರು ಹೇಳಲಿ. ಅವಳು ಇನ್ನೊಂದು ಹಾಳೆ ತೆಗೆದು ಮತ್ತೆ ಮೊದಲ ಸಾಲಿನ ಮೊದಲ ದಿನದ ಮೇಲೆ ಬೆರಳಿಡುತ್ತಾಳೆ.