ಒಂದು ಮೆಗಾ, ಮೂರು ಅಳತೆ

ಮೂರೂವರೆ ಇಂಚಿನ ಫ್ಲಾಪಿ ಬಳಸಿದವರಿಗೆಲ್ಲ 1.44 ಎಂಬಿ ಎಂಬುದು ಬಾಯಿಪಾಠ. ಆ ಸಂಖ್ಯೆ ಹೇಗೆ ಹುಟ್ಟಿತು ಎಂದು ಕೂತು ಲೆಕ್ಕ ಹಾಕಿದರೆ ಡಿಜಿಟಲ್ ಅಳತೆಗಳ ಪರಿವರ್ತನೆಯ ಸೊಗಸೆಲ್ಲ ಅಲ್ಲೇ ಸಿಗುತ್ತದೆ. ಫ್ಲಾಪಿಗೆ ಎರಡು ಮೈ. ಒಂದೊಂದು ಮೈಯಲ್ಲಿ 80 ಟ್ರ್ಯಾಕು, ಟ್ರ್ಯಾಕಿಗೆ 18 ಸೆಕ್ಟರು, ಸೆಕ್ಟರಿಗೆ 512 ಬೈಟು. ಎಲ್ಲವನ್ನೂ ಗುಣಿಸಿದರೆ 14,74,560 ಬೈಟು. ಇದನ್ನು 1,024ರಿಂದ ಭಾಗಿಸಿ: ಶೇಷವಿಲ್ಲದೆ 1,440 ಕೆಬಿ. ಇಲ್ಲಿಯವರೆಗೆ ಎಲ್ಲ ಸರಿ. ಮುಂದಿನ ಮೆಟ್ಟಿಲಲ್ಲಿ ಮಾತ್ರ 1,024ನ್ನು ಬಿಟ್ಟು 1,000ದಿಂದ ಭಾಗಿಸಿದ್ದಾರೆ, ಹಾಗಾಗಿ 1.44. ಎರಡು ಸಲವೂ ಸಾವಿರದಿಂದಲೇ ಭಾಗಿಸಿದ್ದರೆ 1.47 ಆಗುತ್ತಿತ್ತು, ಎರಡು ಸಲವೂ 1,024ರಿಂದಲೇ ಆಗಿದ್ದರೆ 1.41. ಫ್ಲಾಪಿಯ ಮೆಗಾ ಈ ಎರಡರ ಜಾತಿಗೂ ಸೇರದೆ ಮೂರನೆಯದಾಗಿ ನಿಂತಿತು.

ಗುಣಾಕಾರ, ಭಾಗಾಕಾರವನ್ನು ಯಂತ್ರ ಮಾಡಿಕೊಡುತ್ತದೆ. ಈ ವಿದ್ಯೆ ಬಲ್ಲವರ ಕೈಚಳಕ ಇರುವುದು ಅದಕ್ಕೂ ಒಂದು ಹೆಜ್ಜೆ ಹಿಂದೆ. ಎದುರಿಗಿರುವ ಸಂಖ್ಯೆಯನ್ನು ಅಳೆದವರು ಯಾರು, ಯಾವ ಅಳತೆ ಹಿಡಿದು ಅಳೆದರು ಎಂದು ಅವರು ಮೊದಲು ವಿಚಾರಿಸುತ್ತಾರೆ. ಉತ್ತರ ಸಿಕ್ಕಮೇಲೆ ಉಳಿಯುವುದು ಶಾಲೆಯ ಲೆಕ್ಕ.

1,024 ಎಂಬ ವಿಚಿತ್ರ ಸಂಖ್ಯೆ ಯಾಕೆ ಬಂತು? ಕಂಪ್ಯೂಟರಿನ ಮೆಮೊರಿಯಲ್ಲಿ ಪ್ರತಿ ಕೋಣೆಗೂ ಒಂದು ವಿಳಾಸ ಬೇಕು. ಆ ವಿಳಾಸ ತಂತಿಗಳ ಮೂಲಕ ಹೋಗುತ್ತದೆ; ಒಂದು ತಂತಿ ಸೊನ್ನೆಯನ್ನೋ ಒಂದನ್ನೋ ಹೇಳಬಲ್ಲದು. ಒಂದು ತಂತಿಗೆ ಎರಡು ಕೋಣೆ, ಎರಡು ತಂತಿಗೆ ನಾಲ್ಕು, ಮೂರಕ್ಕೆ ಎಂಟು. ಹತ್ತು ತಂತಿ ಎಳೆದರೆ 1,024. ನಮ್ಮ ಅಜ್ಜಿಯರ ಕಾಲದ ಅಳತೆಯೂ ಹೀಗೇ ನಡೆಯುತ್ತಿತ್ತು: ಸೇರಿನ ಅರ್ಧ ಅಚ್ಚೇರು, ಅಚ್ಚೇರಿನ ಅರ್ಧ ಪಾವು, ಪಾವಿನಲ್ಲಿ ನಾಲ್ಕನೆಯ ಒಂದು ಪಾಲು ಚಟಾಕು. ಇಬ್ಬಾಗ ಮಾಡುತ್ತ ಹೋಗುವ ಕ್ರಮ ಕೈಗೆ ಸಲೀಸು, ಯಂತ್ರಕ್ಕೂ ಸಲೀಸು. 1,024 ಸಾವಿರಕ್ಕೆ ಹತ್ತಿರವಿದ್ದದ್ದರಿಂದ ಎಂಜಿನಿಯರುಗಳು ಕಿಲೋ ಎಂಬ ಹೆಸರನ್ನೇ ಅದಕ್ಕೂ ಕೊಟ್ಟರು. ಮೆಮೊರಿ ಕೆಲವೇ ಕಿಲೋಬೈಟ್ ಇದ್ದ ದಿನಗಳಲ್ಲಿ ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ.

ಅಳತೆಗಳ ಮೂಲ ಘಟಕಗಳ ವಯಸ್ಸೂ ಹೆಚ್ಚೇನಲ್ಲ. ಬಿಟ್ ಎಂಬ ಪದವನ್ನು ಕ್ಲಾಡ್ ಶಾನನ್ 1948ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಬಳಸಿದರು, ಅದನ್ನು ಸೂಚಿಸಿದವರು ಜಾನ್ ಟ್ಯೂಕಿ ಎಂದು ಅಲ್ಲೇ ನೆನೆದರು. ಬೈಟ್ ಎಂಬ ಹೆಸರನ್ನು ವರ್ನರ್ ಬುಕ್‌ಹೋಲ್ಟ್ಸ್ 1956ರಲ್ಲಿ ಐಬಿಎಂನ ಸ್ಟ್ರೆಚ್ ಕಂಪ್ಯೂಟರ್ ಕಟ್ಟುವಾಗ ಇಟ್ಟರು. ಆಗ ಬೈಟಿಗೆ ಇಷ್ಟೇ ಬಿಟ್ ಎಂಬ ನಿಯಮವಿರಲಿಲ್ಲ. 1964ರಲ್ಲಿ ಬಂದ ಐಬಿಎಂ ಸಿಸ್ಟಂ/360 ಎಂಟು ಬಿಟ್ಟಿನ ಬೈಟನ್ನು ಬಳಕೆಯಲ್ಲಿ ಊರಿಸಿತು.

ಕಿಲೋದಲ್ಲಿ ಎರಡು ಅಳತೆಗಳ ನಡುವಿನ ಅಂತರ ಶೇಕಡ 2.4. ಮೆಗಾಕ್ಕೆ ಬಂದರೆ 4.9, ಗಿಗಾಕ್ಕೆ 7.4, ಟೆರಾಕ್ಕೆ ಸುಮಾರು 10. ಬಡ್ಡಿ ಚಕ್ರಬಡ್ಡಿಯಾಗಿ ಬೆಳೆಯುತ್ತದೆ. ಹಾರ್ಡ್‌ಡಿಸ್ಕ್ ತಯಾರಿಸುವವರು ಸಾವಿರದ ಲೆಕ್ಕ ಹಿಡಿದವರು. ಅವರ ಒಂದು ಟಿಬಿ ಎಂದರೆ ಸರಿಯಾಗಿ ಒಂದು ಲಕ್ಷ ಕೋಟಿ ಬೈಟು. ವಿಂಡೋಸ್ 1,024ರ ಲೆಕ್ಕ ಹಿಡಿದದ್ದು. ಅದರ ಒಂದು ಜಿಬಿ ಎಂದರೆ 107 ಕೋಟಿ 37 ಲಕ್ಷದ 41,824 ಬೈಟು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 931. ಹೊಸ ಡಿಸ್ಕ್ ಸಿಕ್ಕಿಸಿದಾಗ ಪರದೆಯ ಮೇಲೆ ಕಾಣುವ ಸಂಖ್ಯೆ ಇದೇ. ಒಂದು ಬೈಟೂ ಕಳೆದುಹೋಗಿಲ್ಲ. ಅಂಗಡಿಯಲ್ಲಿ ನಿಂತು ಬಾಯಲ್ಲೇ ಲೆಕ್ಕ ಹಾಕುವವರು ಡಬ್ಬದ ಮೇಲಿನ ಜಿಬಿಯನ್ನು 0.93ರಿಂದ ಗುಣಿಸುತ್ತಾರೆ: 256ಕ್ಕೆ 238, 512ಕ್ಕೆ 476. ಅಷ್ಟು ಸಾಕು.

ಸಿಡಿ, ಡಿವಿಡಿ ಅಕ್ಕತಂಗಿಯರಂತೆ ಕಂಡರೂ ಅವುಗಳ ಲೆಕ್ಕ ಬೇರೆ. ಸಿಡಿಯ 700 ಎಂಬಿ 1,024ರದು, ಡಿವಿಡಿಯ 4.7 ಜಿಬಿ ಸಾವಿರದ್ದು. ವಿಂಡೋಸ್‌ನಲ್ಲಿ ಅದು 4.38 ಆಗುತ್ತದೆ. ಈ ಗೊಂದಲ ಬಿಡಿಸಲೆಂದು ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗ 1998ರಲ್ಲಿ 1,024ರ ಅಳತೆಗೆ ಕಿಬಿ, ಮೆಬಿ, ಗಿಬಿ ಎಂಬ ಬೇರೆ ಹೆಸರುಗಳನ್ನು ಕೊಟ್ಟಿತು. ತಾಂತ್ರಿಕ ಬರಹಗಳಲ್ಲಿ ಅವು ಬಳಕೆಗೆ ಬಂದವು, ಪೇಟೆಗೆ ಇಳಿಯಲಿಲ್ಲ. ನನಗೆ ಅವು ಇಷ್ಟ; ಹೇಳಿದ್ದನ್ನು ಹೇಳಿದ ಹಾಗೆಯೇ ಅರ್ಥಮಾಡಿಸುವ ಹೆಸರುಗಳು. ಆಪಲ್ 2009ರಲ್ಲಿ ತನ್ನ ಮ್ಯಾಕ್‌ಗಳನ್ನು ಸಾವಿರದ ಲೆಕ್ಕಕ್ಕೆ ಹೊರಳಿಸಿತು. ಹಾಗಾಗಿ ಒಂದೇ ಡಿಸ್ಕು ಒಂದು ಯಂತ್ರದಲ್ಲಿ 931 ಜಿಬಿ, ಪಕ್ಕದ ಯಂತ್ರದಲ್ಲಿ 1 ಟಿಬಿ.

ಇಂಟರ್ನೆಟ್ಟಿನ ವೇಗಕ್ಕೆ ಇಷ್ಟು ಚರ್ಚೆ ಬೇಡ. ಅಲ್ಲಿ ಯಾವಾಗಲೂ ಸಾವಿರದ ಲೆಕ್ಕ, ಆದರೆ ಎಣಿಸುವುದು ಬಿಟ್‌ಗಳನ್ನು. ಎಂಟರಿಂದ ಭಾಗಿಸಬೇಕು, ಅಂದರೆ ಮೂರು ಸಲ ಅರ್ಧ ಮಾಡಬೇಕು: 100 ಎಂಬಿಪಿಎಸ್ 50 ಆಗಿ, 25 ಆಗಿ, 12.5 ಎಂಬಿಗೆ ನಿಲ್ಲುತ್ತದೆ. ಡಿವಿಡಿಯಷ್ಟು ದೊಡ್ಡ ಕಡತ ಆ ವೇಗದಲ್ಲಿ ಇಳಿಯಲು ಏನಿಲ್ಲವೆಂದರೂ ಆರೂಕಾಲು ನಿಮಿಷ.

ಕನ್ನಡ ಬರೆಯುವವರು ಈ ವಿದ್ಯೆಯನ್ನು ಕಲಿಯಲು ಇನ್ನೂ ಒಂದು ಕಾರಣವಿದೆ. ನಮ್ಮ ಅಕ್ಷರಗಳಿಗೂ ಬೈಟಿನ ತೂಕವಿದೆ. ಜಾಲದಲ್ಲಿ ಹೆಚ್ಚು ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟು, ಕನ್ನಡದ ಪ್ರತಿ ಸಂಕೇತಕ್ಕೆ ಮೂರು. ಅಕ್ಷರ ಎನ್ನದೆ ಸಂಕೇತ ಎಂದದ್ದು ಯಾಕೆಂದರೆ ಕಣ್ಣಿಗೆ ಒಂದೇ ಆಗಿ ಕಾಣುವ 'ಸ್ತ್ರೀ' ಒಳಗೆ ಆರು ಸಂಕೇತಗಳು: ಸ, ವಿರಾಮ, ತ, ವಿರಾಮ, ರ, ದೀರ್ಘ ಈಕಾರ. ಆರು ಮೂರ್ಲಿ ಹದಿನೆಂಟು ಬೈಟು. 'ಕನ್ನಡ'ಕ್ಕೆ ಐದು ಸಂಕೇತ, ಹದಿನೈದು ಬೈಟು. ಹಾಗೆಂದು ಹೆದರುವ ಕಾರಣವಿಲ್ಲ. ಮೂರು ಲಕ್ಷ ಸಂಕೇತಗಳ ಒಂದು ಕಾದಂಬರಿಯೂ ಒಂಬತ್ತು ಲಕ್ಷ ಬೈಟಿನಲ್ಲಿ, ಅಂದರೆ ಒಂದು ಎಂಬಿಗಿಂತ ಕಡಿಮೆ ಜಾಗದಲ್ಲಿ ಕೂರುತ್ತದೆ.

ಜಾಗ ನಿಜವಾಗಿ ಇಕ್ಕಟ್ಟಾಗುವುದು ಎಸ್ಸೆಮ್ಮೆಸ್‌ನಲ್ಲಿ. ಒಂದು ಸಂದೇಶಕ್ಕೆ ಸಿಗುವುದು 140 ಬೈಟು, ಎಂದರೆ 1,120 ಬಿಟ್ಟು. ಇಂಗ್ಲಿಷ್ ಅಕ್ಷರಕ್ಕೆ ಏಳೇ ಬಿಟ್ ಸಾಕೆಂದು ಜಿಎಸ್‌ಎಂ ರೂಪಿಸಿದವರು ತೀರ್ಮಾನಿಸಿದರು. 1,120ನ್ನು ಏಳರಿಂದ ಭಾಗಿಸಿ, ಎಲ್ಲರಿಗೂ ಗೊತ್ತಿರುವ 160 ಬರುತ್ತದೆ. ಯುನಿಕೋಡ್ ಕನ್ನಡ ಸಂದೇಶದಲ್ಲಿ ಒಂದೊಂದು ಸಂಕೇತಕ್ಕೂ 16 ಬಿಟ್ ಬೇಕು. ಅದೇ 1,120ನ್ನು 16ರಿಂದ ಭಾಗಿಸಿದರೆ 70. ಮಿತಿ ದಾಟಿದರೆ ಸಂದೇಶ ತುಂಡಾಗುತ್ತದೆ, ತುಂಡುಗಳನ್ನು ಮತ್ತೆ ಸರಿಯಾದ ಕ್ರಮದಲ್ಲಿ ಜೋಡಿಸಲು ಪ್ರತಿ ತುಂಡಿನ ತಲೆಗೂ ಸಾಮಾನ್ಯವಾಗಿ ಆರು ಬೈಟಿನ ಗುರುತು ಹಚ್ಚುತ್ತಾರೆ. ಉಳಿಯುವುದು 134 ಬೈಟು. ಇಂಗ್ಲಿಷಿಗೆ ತುಂಡಿಗೆ 153 ಅಕ್ಷರ, ಕನ್ನಡಕ್ಕೆ 67 ಸಂಕೇತ. ಮದುವೆಯ ಕರೆಯೋಲೆಯನ್ನು ಕನ್ನಡದಲ್ಲಿ ಎಸ್ಸೆಮ್ಮೆಸ್ ಮಾಡುವವರು 71ನೆಯ ಸಂಕೇತ ಒತ್ತಿದ ಕೂಡಲೇ ಎರಡು ಸಂದೇಶದ ಲೆಕ್ಕ ಬೀಳುತ್ತದೆ. 'ಶ್ರೀ' ಒಂದೇ ಅದರಲ್ಲಿ ನಾಲ್ಕನ್ನು ತೆಗೆದುಕೊಂಡಿರುತ್ತದೆ.