ಗೇಟಿನಾಚೆಯ ಹಾರಂಗಿ

ಜುಲೈ ತಿಂಗಳಲ್ಲಿ ಕುಶಾಲನಗರದಲ್ಲಿ ಬಿಸಿಲು ಕಾಯುತ್ತಿರುತ್ತದೆ, ಹಾರಂಗಿ ತುಂಬಿ ತುಳುಕುತ್ತಿರುತ್ತದೆ. ಹೊಸಬರಿಗೆ ಇದು ಒಗಟು. ಪೇಟೆಯ ಬಸ್‌ ನಿಲ್ದಾಣದಲ್ಲಿ ಛತ್ರಿ ಮಡಿಸಿಕೊಂಡು ನಿಂತವರ ನಡುವೆಯೇ ‘ನೀರು ಬಿಡ್ತಾರಂತೆ, ಹೊಳೆ ಕಡೆ ಹೋಗ್ಬೇಡಿ’ ಎಂಬ ಮಾತು ಓಡಾಡುತ್ತದೆ. ಮಳೆ ಬಿದ್ದದ್ದು ಇಲ್ಲಲ್ಲ. ಪುಷ್ಪಗಿರಿಯ ತಪ್ಪಲಲ್ಲಿ, ಮುಕ್ಕೋಡ್ಲು, ಹಟ್ಟಿಹೊಳೆ, ಮಾದಾಪುರದ ಬೆಟ್ಟಗಳಲ್ಲಿ. ಅಲ್ಲಿ ಮಳೆಗಾಲದ ಈ ಕಕ್ಕಡ ತಿಂಗಳೆಂದರೆ ಒಲೆಯ ಮುಂದೆ ಕೂತು ಕಳೆಯುವ ಕಾಲ. ಇಲ್ಲಿ ಹೊಲಕ್ಕೆ ಇಳಿಯುವ ಕಾಲ. ಆ ಮಲೆನಾಡಿಗೂ ಈ ಬಯಲಿಗೂ ನಡುವಿನ ಹೊಸ್ತಿಲಲ್ಲಿ, ಕುಶಾಲನಗರದಿಂದ ಸುಮಾರು 9 ಕಿ.ಮೀ. ದೂರದ ಹುದುಗೂರಿನ ಬಳಿ, ಅಣೆಕಟ್ಟು ಅಡ್ಡ ನಿಂತಿದೆ.

ಬರುವವರು ನೋಡುವುದು ಗೇಟು. ನಾಲ್ಕು ಕ್ರೆಸ್ಟ್ ಗೇಟುಗಳಿಂದ ಕೆಮ್ಮಣ್ಣು ಕಲಸಿದ ನೀರು ಧುಮುಕಿ, ಕೆಳಗಿನ ಕಾಂಕ್ರೀಟಿಗೆ ಅಪ್ಪಳಿಸಿ, ಮತ್ತೆ ಮೇಲಕ್ಕೆ ಚಿಮ್ಮಿ ಬಿಳಿಯ ಹೊಗೆಯಾಗುತ್ತದೆ. ಎದುರಿಗೆ ನಿಂತರೆ ಮಾತು ಕೇಳಿಸುವುದಿಲ್ಲ, ಕನ್ನಡಕದ ಗಾಜು ಮಂಜಾಗುತ್ತದೆ, ಮೊಬೈಲು ಒರೆಸಿಕೊಳ್ಳುವುದೇ ಕೆಲಸ. ಆಮೇಲೆ ಉದ್ಯಾನ, ಕಾರಂಜಿ, ಸುಟ್ಟ ಜೋಳ. ದುಬಾರೆ, ನಿಸರ್ಗಧಾಮ, ಬೈಲುಕುಪ್ಪೆಯ ಚಿನ್ನದ ದೇಗುಲ ಮುಗಿಸಿ ಹೊತ್ತು ಉಳಿದರೆ ಹಾರಂಗಿ ಎಂಬುದು ಪ್ರವಾಸಿಗಳ ಲೆಕ್ಕ. ಆ ಲೆಕ್ಕ ತಪ್ಪು ಎಂದೇ ನನ್ನ ವಾದ.

ಒಂದು ಸೀಮೆಯನ್ನು ನೋಡುವ ಬೇರೆ ಬಗೆಯೂ ಉಂಟು. ಇಂಗ್ಲೆಂಡಿನಲ್ಲಿ ಒಂದೊಂದು ಕೌಂಟಿಯನ್ನೂ ಕಾಲ್ನಡಿಗೆಯಲ್ಲಿ ಓದುವ ಪರಂಪರೆಯಿದೆ. ಅಲ್ಲಿನ ಕೌಂಟಿಗಳ ಚರಿತ್ರೆ ಬರೆಯುವ ಒಂದು ಯೋಜನೆ 1899ರಲ್ಲಿ ಶುರುವಾದದ್ದು ಇನ್ನೂ ಮುಗಿದಿಲ್ಲ. ಡಬ್ಲ್ಯು. ಜಿ. ಹಾಸ್ಕಿನ್ಸ್ ಎಂಬ ಇತಿಹಾಸಕಾರರು 1955ರಲ್ಲಿ ಇಂಗ್ಲಿಷ್ ನೆಲದ ರೂಪ ಹೇಗಾಯಿತೆಂದು ಒಂದು ಪುಸ್ತಕವನ್ನೇ ಬರೆದರು. ಹೊಲದ ಬದು, ಬೇಲಿ, ದಾರಿಯ ತಿರುವು ಇವೇ ಅವರಿಗೆ ದಾಖಲೆ. ಕೊಡಗಿಗೂ ಹಳೆಯ ಗ್ರಂಥಗಳಿಗೆ ಕೊರತೆಯಿಲ್ಲ. ಪಾದ್ರಿ ರಿಕ್ಟರ್ ಇಲ್ಲಿನ ಜನಜೀವನ, ಚರಿತ್ರೆಗಳನ್ನು 1870ರಷ್ಟು ಹಿಂದೆಯೇ ಪುಸ್ತಕ ಮಾಡಿಟ್ಟರು. ಆದರೆ ಹಾಸ್ಕಿನ್ಸರ ಕಣ್ಣಿಂದ ಹಾರಂಗಿಯ ಸೀಮೆಯನ್ನು ನೋಡುವವರು ಕಡಿಮೆ.

ನೋಡಿದರೆ ಏನೇನು ಸಿಗುತ್ತದೆ! ಕಾಫಿ ತೋಟದ ನಡುವೆ ಇದ್ದಕ್ಕಿದ್ದಂತೆ ಆಳದ ಹಳ್ಳ, ಅದರ ಪಕ್ಕಕ್ಕೇ ಕೋಟೆಗೋಡೆಯಂಥ ಮಣ್ಣಿನ ದಿಬ್ಬ. ಮಳೆನೀರು ಕೊರೆದದ್ದಲ್ಲ, ಅದು ಕಡಂಗ. ಹಿಂದಿನವರು ಶತ್ರುವನ್ನು ತಡೆಯಲು, ಗಡಿ ಗುರುತಿಸಲು ತೋಡಿದ್ದು. ಈಗ ಅದರ ದಡದ ಮೇಲೆ ಸಿಲ್ವರ್ ಓಕ್ ಬೆಳೆದಿದೆ, ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿದೆ. ಮಡಿಕೇರಿಯಿಂದ ಉತ್ತರಕ್ಕೆ ಹಾಲೇರಿ. ಜಂಗಮ ವೇಷದಲ್ಲಿ ಬಂದು ಅರಸನಾದನೆಂದು ಜನ ಹೇಳುವ ವೀರರಾಜನ ವಂಶ ನೆಲೆಯೂರಿದ ಊರು. 1681ರಲ್ಲಿ ಮುದ್ದುರಾಜ ರಾಜಧಾನಿಯನ್ನು ಮಡಿಕೇರಿಗೆ ಎತ್ತಿಕೊಂಡು ಹೋದ ಮೇಲೆ ಹಾಲೇರಿಗೆ ಉಳಿದದ್ದು ಹೆಸರು. ಈಶಾನ್ಯಕ್ಕೆ, ಸೋಮವಾರಪೇಟೆ–ಶನಿವಾರಸಂತೆಯ ಕಡೆ, ಹಳೆಯ ಏಳುಸಾವಿರ ಸೀಮೆ. ಕೊಡವ ತಕ್ಕ್‌ಗಿಂತ ಕನ್ನಡವೇ ಹೆಚ್ಚು ಕೇಳಿಸುವ ಕೊಡಗು ಅದು. ಕೊಡಗೆಂದರೆ ಒಂದೇ ಬಣ್ಣದ ನಾಡೆಂದು ತಿಳಿದವರು ಒಮ್ಮೆ ಅಲ್ಲಿನ ಸಂತೆಗೆ ಹೋಗಿ ಬರಬೇಕು.

ಹೊಳೆಯ ಜೊತೆ ಕೆಳಕ್ಕೆ ಇಳಿದರೆ ಕೂಡಿಗೆ. ಹೆಸರೇ ಹೇಳುವಂತೆ ಇಲ್ಲಿ ಹಾರಂಗಿ ಕಾವೇರಿಯನ್ನು ಕೂಡುತ್ತದೆ. ಹತ್ತಿರದ ಕಣಿವೆ ಎಂಬ ಊರಿನಲ್ಲಿ ರಾಮಲಿಂಗೇಶ್ವರನ ಗುಡಿ, ಕಾವೇರಿಗೆ ಅಡ್ಡಲಾಗಿ ತೂಗುಸೇತುವೆ. ನಾಲ್ಕು ಹೆಜ್ಜೆ ಇಟ್ಟರೆ ಮೈಸೂರು ಜಿಲ್ಲೆ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಕೊಡಗಿಗೆ ನುಗ್ಗಿದ ದಾರಿಗಳಲ್ಲಿ ಈ ಪೂರ್ವದ ಗಡಿಯೂ ಒಂದು. ಆಗ ಕೊಡಗನ್ನು ವಶಕ್ಕೆ ತೆಗೆದುಕೊಂಡ ಕರ್ನಲ್ ಫ್ರೇಸರನ ಹೆಸರು ಕುಶಾಲನಗರಕ್ಕೆ ಅಂಟಿಕೊಂಡು, ಬಹುಕಾಲ ಅದು ಫ್ರೇಸರ್‌ಪೇಟೆಯಾಗಿತ್ತು. ಪಟ್ಟ ಕಳೆದುಕೊಂಡ ಚಿಕ್ಕವೀರರಾಜೇಂದ್ರ ಕಾಶಿಗೆ ಹೋಗಿ, ಅಲ್ಲಿಂದ 1852ರಲ್ಲಿ ಮಗಳು ಗೌರಮ್ಮನೊಂದಿಗೆ ಲಂಡನ್ನಿಗೆ ಹೋದ. ಮಗಳ ಬ್ಯಾಪ್ಟಿಸಂಗೆ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತಳು. ಅರಸನಿಗೆ ಮಾತ್ರ ಕಂಪನಿಯಿಂದ ಕೇಳಿದ ಹಣವೂ ಬರಲಿಲ್ಲ, ನಾಡೂ ಸಿಗಲಿಲ್ಲ. 1859ರಲ್ಲಿ ಅಲ್ಲೇ ತೀರಿಕೊಂಡ. ಇತ್ತ 1854ರಿಂದಲೇ ಬ್ರಿಟಿಷರು ಮಡಿಕೇರಿಯ ಸುತ್ತ ಕಾಫಿ ತೋಟ ಹಾಕತೊಡಗಿ, ಈ ಬೆಟ್ಟಗಳು ತಮ್ಮ ಸ್ಕಾಟ್ಲೆಂಡಿನಂತಿವೆ ಎಂದು ಮೆಚ್ಚಿಕೊಂಡರು. ಆ ಬಿರುದನ್ನು ನಾವಿನ್ನೂ ಹೋಟೆಲಿನ ಬೋರ್ಡಿನ ಮೇಲೆ ಬರೆದುಕೊಳ್ಳುತ್ತಿದ್ದೇವೆ.

ಅಣೆಕಟ್ಟು ಈ ಚರಿತ್ರೆಯ ಕೊನೆಯ ಪದರ. ಉದ್ದ 846 ಮೀಟರ್, ಎತ್ತರ 47 ಮೀಟರ್, ತುಂಬಿದಾಗ ಮಟ್ಟ 2,859 ಅಡಿ, ಹಿಡಿಯುವ ನೀರು ಸುಮಾರು 8.5 ಟಿಎಂಸಿ. ಕೆಆರ್‌ಎಸ್ಸಿನ 49 ಟಿಎಂಸಿಯ ಮುಂದೆ ಇದು ಪುಟ್ಟ ಪಾತ್ರೆ. ಹಾಗಾಗಿಯೇ ಬೇಗ ತುಂಬಿ, ಬೇಗ ಸುದ್ದಿಯಾಗಿ, ಬೇಗ ಬಾಗಿನ ಪಡೆಯುತ್ತದೆ. ಕೇಂದ್ರದ ಒಪ್ಪಿಗೆಗೆ ಕಾಯದೆ ರಾಜ್ಯ ತನ್ನ ಹಣದಿಂದಲೇ ಕಟ್ಟಲು ಹೊರಟ ಕಾವೇರಿ ಕಣಿವೆಯ ಯೋಜನೆಗಳಲ್ಲಿ ಇದೂ ಒಂದು. ಕೆಲಸ ಮುಗಿದದ್ದು 1982ರಲ್ಲಿ. ನಾಲೆಯ ನೀರು ಹೆಚ್ಚಾಗಿ ಹೋಗುವುದು ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರ, ಅರಕಲಗೂಡಿನ ಕಡೆಗೆ. ಮಳೆಯೂ ಮುಳುಗಡೆಯೂ ನಮ್ಮ ಪಾಲಿಗೆ, ಬೆಳೆ ಮಾತ್ರ ಬೇರೆಯವರಿಗೆ ಎಂಬ ಗೊಣಗಾಟ ಕೊಡಗಿನಲ್ಲಿ ಇಂದಿಗೂ ಉಂಟು. ಅದರಲ್ಲಿ ಸುಳ್ಳೇನಿಲ್ಲ, ಆದರೆ ಹೊಳೆಗೆ ಜಿಲ್ಲೆಯ ಗಡಿ ಗೊತ್ತಿರುವುದಿಲ್ಲ.

ಹಾರಂಗಿಯನ್ನು ಕಾಣಲು ನನ್ನ ಮಟ್ಟಿಗೆ ಒಳ್ಳೆಯ ಕಾಲ ಏಪ್ರಿಲ್, ಒಳ್ಳೆಯ ಜಾಗ ಗರಗಂದೂರು, ಹೇರೂರಿನ ಕಡೆಯ ಹಿನ್ನೀರು. ಆಗ ನೀರು ಹಿಂದೆ ಸರಿದಿರುತ್ತದೆ. ಅದು ವಾರವಾರವೂ ಇಳಿದ ಗುರುತು ದಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಉಳಿದಿರುತ್ತದೆ: ಮೇಲಿನ ಮೆಟ್ಟಿಲಲ್ಲಿ ಹಸುರು ಹುಲ್ಲು, ನಡುವಿನದರಲ್ಲಿ ಬಿರುಕು ಬಿಟ್ಟ ಕೆಂಪು ಕೆಸರು, ತೀರ ಕೆಳಗೆ ಕಾಲಿಟ್ಟರೆ ಹೂತುಹೋಗುವ ಹಸಿ ಮಣ್ಣು. ಕಪ್ಪಾದ ಮರದ ಬುಡಗಳು ತಲೆಯೆತ್ತಿರುತ್ತವೆ, ಅವುಗಳ ಮೇಲೆ ರೆಕ್ಕೆ ಹರವಿದ ನೀರುಕಾಗೆ. ಆ ಕೆಸರಿನಲ್ಲಿ ಈಚಿನ ಚರಿತ್ರೆಯೂ ಬೆರೆತಿದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಕಾಲೂರು, ಹಟ್ಟಿಹೊಳೆಯ ಗುಡ್ಡಗಳು ಕುಸಿದಾಗ ತೋಟ, ಮನೆ, ರಸ್ತೆಗಳ ಮಣ್ಣೆಲ್ಲ ಹೊಳೆ ಹಿಡಿದು ಇಲ್ಲಿಗೇ ಬಂತು. ಹೂಳು ತೆಗೆಯಬೇಕೆಂಬ ಮಾತು ಅಂದಿನಿಂದ ಜೋರಾಗಿದೆ.

ಜಲಾಶಯಕ್ಕಾಗಿ ಮನೆ, ಜಮೀನು ಬಿಟ್ಟೆದ್ದವರ ಕುಟುಂಬಗಳು ಯಡವನಾಡು, ಅತ್ತೂರಿನ ಸುತ್ತ ನೆಲೆಸಿವೆ. ಅಣೆಕಟ್ಟಿನ ಉದ್ದ, ಎತ್ತರ, ನೀರಿನ ಮಟ್ಟವನ್ನು ಎಲ್ಲರೂ ಬಲ್ಲರು. ನೀರಿನಡಿ ಇರುವ ಗದ್ದೆಗಳ, ಹಾಡಿಗಳ ಹೆಸರು ಆ ಮನೆಗಳ ಹಿರಿಯರಿಗಷ್ಟೇ ನೆನಪಿದೆ. ನೀರಾವರಿ ಇಲಾಖೆಯೋ ಪ್ರವಾಸೋದ್ಯಮ ಇಲಾಖೆಯೋ ಅವರನ್ನು ಕೇಳಿ ಬರೆದುಕೊಂಡು, ಉದ್ಯಾನದ ಬಾಗಿಲಲ್ಲಿ ಎಲ್ಲರ ಕಣ್ಣಿಗೂ ಬೀಳುವಂತೆ ಒಂದು ಫಲಕ ಹಾಕಿಸಲಿ. ಕಾರಂಜಿಗೆ ತಗಲುವ ಖರ್ಚು ಇದಕ್ಕೆ ತಗಲದು.