ನೀರಿನ ಬಲದಲ್ಲಿ ಒತ್ತಿದ ಚಿನ್ನ

ಸ್ಪೇನಿನಲ್ಲಿ ಮೂರನೇ ಫಿಲಿಪ್ ಆಳುತ್ತಿದ್ದ ಕಾಲ. 1609ರಲ್ಲಿ ಸೆಗೋವಿಯಾದ ಟಂಕಸಾಲೆಯಲ್ಲಿ ನೂರು ಎಸ್ಕುಡೊ ಮೌಲ್ಯದ ಚಿನ್ನದ ನಾಣ್ಯವೊಂದು ತಯಾರಾಯಿತು. ಹೆಸರು ‘ಸೆಂಟೆನ್’. ತೂಕ ಸುಮಾರು 339 ಗ್ರಾಂ, ಅಂದರೆ 29 ತೊಲ. ಅಗಲ ಏಳು ಸೆಂಟಿಮೀಟರ್‌ಗೂ ಹೆಚ್ಚು. ಇದು ಪೇಟೆಯ ವ್ಯವಹಾರಕ್ಕಲ್ಲ, ರಾಜನ ಸಿರಿವಂತಿಕೆ ಸಾರಲೆಂದೇ ಮಾಡಿದ್ದು. 2025ರ ನವೆಂಬರ್‌ನಲ್ಲಿ ಜಿನೀವಾದ ಹರಾಜಿನಲ್ಲಿ ಅದಕ್ಕೆ 28 ಲಕ್ಷ ಸ್ವಿಸ್ ಫ್ರಾಂಕ್‌ಗೂ ಮಿಕ್ಕಿ ಬೆಲೆ ಬಂತು. ಅದರಲ್ಲಿ ಚಿನ್ನದ ಪಾಲು ತೀರಾ ಸಣ್ಣದು. ಈ ನಾಣ್ಯದ ನಿಜವಾದ ಹಿರಿಮೆ ಇರುವುದು ಅದನ್ನು ಒತ್ತಿದ ಯಂತ್ರದಲ್ಲಿ.

ಆಗ ಹೆಚ್ಚಿನ ಕಡೆ ನಾಣ್ಯಗಳಿಗೆ ಸುತ್ತಿಗೆಯೇ ಗತಿ. ಎರಡು ಅಚ್ಚುಗಳ ನಡುವೆ ಲೋಹದ ಬಿಲ್ಲೆ ಇಟ್ಟು ಬಲವಾಗಿ ಬಡಿಯುತ್ತಿದ್ದರು. ಬಿಲ್ಲೆ ಅಗಲವಾದಷ್ಟೂ ಏಟಿನ ಬಲ ಹಂಚಿಹೋಗಿ ಚಿತ್ರ ಅಲ್ಲಲ್ಲಿ ಮಸುಕಾಗುತ್ತಿತ್ತು. ಸೆಂಟೆನ್‌ನಂಥ ಹರವಾದ ನಾಣ್ಯಕ್ಕೆ ಈ ವಿಧಾನ ಒಗ್ಗುವಂತಿರಲಿಲ್ಲ.

ಮೂರನೇ ಫಿಲಿಪ್‌ನ ತಂದೆ ಎರಡನೇ ಫಿಲಿಪ್ ಇದಕ್ಕೆ ಬೇರೆ ದಾರಿ ಹಿಡಿದಿದ್ದ. ಆಸ್ಟ್ರಿಯಾದ ಟೈರೋಲ್ ಪ್ರಾಂತ್ಯದ ಹಾಲ್ ಪಟ್ಟಣದಲ್ಲಿ ಬಳಕೆಯಲ್ಲಿದ್ದ ಯಂತ್ರಗಳಂಥವನ್ನೇ ತರಿಸಿ, 1583ರಲ್ಲಿ ಸೆಗೋವಿಯಾದ ಎರೆಸ್ಮಾ ನದಿಯ ದಡದಲ್ಲಿ ಈ ಹೊಸ ಟಂಕಸಾಲೆಯ ಕೆಲಸ ಆರಂಭಿಸಿದ. ವಾಸ್ತುಶಿಲ್ಪಿ ಹುವಾನ್ ದೆ ಎರೆರಾ ಅದರ ವಿನ್ಯಾಸಕಾರ. ಅಲ್ಲಿ ನದಿಯ ನೀರು ಚಕ್ರವನ್ನು ತಿರುಗಿಸುತ್ತಿತ್ತು. ಚಕ್ರ ಎರಡು ಉಕ್ಕಿನ ರೋಲರ್‌ಗಳನ್ನು ತಿರುಗಿಸುತ್ತಿತ್ತು. ಅಚ್ಚು ಕೆತ್ತಿದ್ದು ಈ ರೋಲರ್‌ಗಳ ಮೇಲೆಯೇ. ಕಬ್ಬು ಗಾಣದೊಳಗೆ ಹೋಗುವಂತೆ ಲೋಹದ ಪಟ್ಟಿ ಅವುಗಳ ನಡುವೆ ನುಸುಳುವಾಗ ಎರಡೂ ಮುಖಗಳಿಗೆ ಒಟ್ಟಿಗೇ ಅಚ್ಚು ಬೀಳುತ್ತಿತ್ತು. ಆಮೇಲೆ ನಾಣ್ಯವನ್ನು ಪಟ್ಟಿಯಿಂದ ಕತ್ತರಿಸಿ ತೆಗೆಯುತ್ತಿದ್ದರು.

ರೋಲರ್‌ಗಳು ಯಾವುದೇ ಕ್ಷಣದಲ್ಲಿ ಪಟ್ಟಿಯ ಕಿರಿದಾದ ಒಂದು ಗೆರೆಯನ್ನಷ್ಟೇ ಒತ್ತುತ್ತವೆ. ಹಾಗಾಗಿ ಇದ್ದ ಬಲವೆಲ್ಲ ಆ ಗೆರೆಯ ಮೇಲೇ ಬಿದ್ದು, ಅಗಲವಾದ ಮುಖದ ಮೇಲೂ ಚಿತ್ರ ಒಂದೇ ಸಮನೆ ಮೂಡುತ್ತದೆ. ಒಂದು ತೊಡಕೂ ಇತ್ತು: ಒತ್ತಡಕ್ಕೆ ಸಿಕ್ಕ ಲೋಹ ಮುಂದಕ್ಕೆ ಹಿಗ್ಗಿ, ದುಂಡಗಿನ ಚಿತ್ರ ಸೊಟ್ಟಗಾಗುತ್ತದೆ. ಆ ಹಿಗ್ಗುವಿಕೆಯನ್ನು ಮೊದಲೇ ಲೆಕ್ಕ ಹಾಕಿ ಕುಶಲಕರ್ಮಿಗಳು ಅಚ್ಚನ್ನೇ ಅಂಡಾಕಾರದಲ್ಲಿ ಕೆತ್ತುತ್ತಿದ್ದರು.

ಚಿನ್ನದ ಗುಣವೂ ಇದಕ್ಕೆ ಒದಗಿಬಂತು. ಒತ್ತಿದಾಗ ಅದರ ಪರಮಾಣುಗಳ ಪದರಗಳು ಒಂದರ ಮೇಲೊಂದು ಜಾರುತ್ತವೆಯೇ ಹೊರತು ಲೋಹ ಬಿರಿಯುವುದಿಲ್ಲ. ಆದರೆ ಅಪ್ಪಟ ಚಿನ್ನ ಬಲು ಮೆದು. ಅದಕ್ಕೇ ಎಸ್ಕುಡೊ ನಾಣ್ಯಗಳದ್ದು 22 ಕ್ಯಾರಟ್. ಬೆರೆಸಿದ ಬೇರೆ ಲೋಹದ ಪರಮಾಣುಗಳು ಆ ಜಾರುವಿಕೆಗೆ ಅಡ್ಡ ನಿಂತು ನಾಣ್ಯವನ್ನು ಗಟ್ಟಿಯಾಗಿಸುತ್ತವೆ.

ಈ ವಿದ್ಯೆಯ ಫಲ ಅರಮನೆಗಷ್ಟೇ ಸೀಮಿತವಾಗಲಿಲ್ಲ. ಸುತ್ತಿಗೆಯ ನಾಣ್ಯದ ಅಂಚು ಮೊದಲೇ ಅಂಕುಡೊಂಕು. ಅದನ್ನು ಕೆರೆದು ಲೋಹ ಕದ್ದರೂ ಗೊತ್ತಾಗುತ್ತಿರಲಿಲ್ಲ. ಯಂತ್ರದ ದುಂಡು ನಾಣ್ಯದಲ್ಲಿ ಅಂಚು ಸವೆದರೆ ಸುತ್ತಲಿನ ಬರಹವೂ ಅಳಿದು ಕಳ್ಳತನ ಬಯಲಾಗುತ್ತಿತ್ತು. ಸಾಮಾನ್ಯರು ತಮ್ಮ ಕೈಯ ಹಣವನ್ನು ನಂಬಲು ಇಂಥ ನಿಖರತೆ ಬೇಕೇ ಬೇಕು. ಸೆಂಟೆನ್ ಅದರ ಅತಿ ಭವ್ಯ ಸಾಕ್ಷಿ.